ಗೃಹಲಕ್ಷ್ಮಿ ಹಣ ನಿಂತುಹೋದರೆ ಮೊದಲು ಬ್ಯಾಂಕಿಗೆ ಓಡಬೇಡಿ

ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪ್ರತಿ ಶನಿವಾರ ಅರ್ಜಿ ಬರೆದುಕೊಡಲು ನಾನು ಕೂರತೊಡಗಿ ಎರಡು ವರ್ಷಗಳಾದವು. ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಅವರ ದೂರುಗಳಲ್ಲಿ ಹೆಚ್ಚಿನವು ಗೃಹಲಕ್ಷ್ಮಿಯದೇ. ಪ್ಲಾಸ್ಟಿಕ್ ಕವರಿನಿಂದ ಆಧಾರಿನ ಏಳೆಂಟು ಜೆರಾಕ್ಸ್, ಮಡಿಕೆ ಹರಿದ ಪಡಿತರ ಚೀಟಿ, ಎರಡು ಬ್ಯಾಂಕಿನ ಪಾಸ್‌ಬುಕ್ಕು, ಯಾವಯಾವುದೋ ಸೇವಾ ಕೇಂದ್ರದ ರಸೀದಿಗಳನ್ನು ಮೇಜಿನ ಮೇಲೆ ಹರಡಿದ ಮೇಲೆ ಅವರು ಹೇಳುವ ಕಥೆಯೂ ಹೆಚ್ಚುಕಡಿಮೆ ಒಂದೇ ಬಗೆಯದು: ಹಣ ನಿಂತಿತು, ಬ್ಯಾಂಕಿಗೆ ಹೋದರು, ಬ್ಯಾಂಕಿನವರು ತಾಲ್ಲೂಕು ಕಚೇರಿಗೆ ಕಳುಹಿಸಿದರು, ಅಲ್ಲಿಂದ ಅಂಗನವಾಡಿಗೆ, ಅಂಗನವಾಡಿಯಿಂದ ಮತ್ತೆ ಬ್ಯಾಂಕಿಗೆ. ತಿಂಗಳ ₹2,000 ಹುಡುಕಿಕೊಂಡು ಹೊರಟವರು ಮೂರು ದಿನದ ಕೂಲಿಯನ್ನು ಬಸ್ ನಿಲ್ದಾಣದಲ್ಲಿ ಕಳೆದಿರುತ್ತಾರೆ. ಅಲೆದಾಟದಲ್ಲಿ ಅವರು ಕಡಿಮೆ ಮಾಡಿರುವುದಿಲ್ಲ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಈ ಯೋಜನೆಯ ಹಣ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾಗಿರುವ ಮಹಿಳೆಗೆ ಸೇರಬೇಕು. ಗ್ಯಾಸ್ ಸಿಲಿಂಡರ್, ಸಂಘದ ಕಂತು, ಅತ್ತೆಯ ಬಿ.ಪಿ. ಮಾತ್ರೆ, ಮಗುವಿನ ಶಾಲೆಯ ಆಟೊ ಬಾಡಿಗೆ ಇವೆಲ್ಲವನ್ನೂ ಇದೇ ಹಣದ ಲೆಕ್ಕಕ್ಕೆ ಜೋಡಿಸಿಕೊಂಡ ಮನೆಗಳನ್ನು ನಾನು ಬಲ್ಲೆ. ಅಂಥ ಮನೆಯಲ್ಲಿ ಎರಡು ಕಂತು ತಪ್ಪಿದರೆ ಮೂರನೆಯ ತಿಂಗಳಿಗೆ ಬಡ್ಡಿಯ ಸಾಲ ಹುಟ್ಟಿರುತ್ತದೆ. ಹಣ ಮನೆ ತಲುಪುವುದಕ್ಕೆ ಮೂರು ಪುಸ್ತಕಗಳು ಒಂದಕ್ಕೊಂದು ತಾಳೆಯಾಗಬೇಕು: ಆಹಾರ ಇಲಾಖೆಯ ಪಡಿತರ ಚೀಟಿ, ಆಧಾರ್ ಪ್ರಾಧಿಕಾರದ ದಾಖಲೆ, ಬ್ಯಾಂಕುಗಳ ನಡುವಿನ ಆಧಾರ್ ಪಟ್ಟಿ. ಇವನ್ನು ಇಟ್ಟುಕೊಂಡಿರುವವರು ಬೇರೆ ಬೇರೆ, ಯೋಜನೆ ನಡೆಸುವ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇನ್ನೂ ಬೇರೆ. ಆದ್ದರಿಂದ ಯಾವ ಕಿಟಕಿಯಲ್ಲಿ ನಿಂತರೂ ‘ನಮ್ಮ ಕಡೆ ಸರಿಯಾಗಿದೆ’ ಎಂಬ ಉತ್ತರ ಬರುತ್ತದೆ, ಮತ್ತು ಆ ಉತ್ತರ ಬಹುಪಾಲು ನಿಜವೇ ಆಗಿರುತ್ತದೆ. ತಪ್ಪು ಯಾವ ಪುಸ್ತಕದಲ್ಲಿದೆ ಎಂಬುದನ್ನು ಮನೆಯಿಂದ ಹೊರಡುವ ಮೊದಲೇ ಕಂಡುಕೊಳ್ಳಬೇಕು.

ಹಂತ 1: ಪಕ್ಕದ ಮನೆಯಲ್ಲಿ ಕೇಳಿ

ನಿಮ್ಮ ಬೀದಿಯ ನಾಲ್ವರಿಗೆ ಈ ಕಂತು ಬಂದಿದೆಯೇ ಎಂದು ವಿಚಾರಿಸಿ. ಯಾರಿಗೂ ಬಂದಿಲ್ಲವಾದರೆ ಸರ್ಕಾರವೇ ಇನ್ನೂ ಬಿಡುಗಡೆ ಮಾಡಿಲ್ಲ ಎಂದರ್ಥ, ನೀವು ಎಲ್ಲಿಗೂ ಹೋಗಬೇಕಿಲ್ಲ. 2025ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಹಣ ಬಿಡುಗಡೆಯಾಗದ ವಿಚಾರ ಆ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಗದ್ದಲಕ್ಕೆ ಕಾರಣವಾಗಿತ್ತು. ಅಂಥ ಹೊತ್ತಿನಲ್ಲಿ ನಮ್ಮೂರ ಬ್ಯಾಂಕ್ ಗುಮಾಸ್ತರ ಜತೆ ಜಗಳವಾಡಿ ಪ್ರಯೋಜನವಿಲ್ಲ. ಉಳಿದವರಿಗೆಲ್ಲ ಬಂದು ನಿಮ್ಮೊಬ್ಬರಿಗೇ ಬಂದಿಲ್ಲವಾದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಪಡಿತರ ಚೀಟಿಯ ಮೊದಲ ಹೆಸರು

ಕೈಯಲ್ಲಿರುವ ಚೀಟಿಯನ್ನು ನಂಬಬೇಡಿ, ಅದು ಮುದ್ರಣವಾದ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಆಹಾರ ಇಲಾಖೆಯ ಜಾಲತಾಣದಲ್ಲಿ ಚೀಟಿ ಸಂಖ್ಯೆ ಹಾಕಿ, ಅಥವಾ ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ, ಇಂದು ಚೀಟಿ ಚಾಲ್ತಿಯಲ್ಲಿದೆಯೇ, ಮುಖ್ಯಸ್ಥರ ಜಾಗದಲ್ಲಿ ಯಾರ ಹೆಸರಿದೆ, ಎಲ್ಲ ಸದಸ್ಯರ ಇ-ಕೆವೈಸಿ (ಆಧಾರ್ ಮೂಲಕ ಗುರುತು ದೃಢೀಕರಣ) ಆಗಿದೆಯೇ ಎಂಬ ಮೂರನ್ನು ನೋಡಿಕೊಳ್ಳಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ 18 ವರ್ಷ ತುಂಬಿದ ಹಿರಿಯ ಮಹಿಳೆಯೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ಆದರೂ ಗಂಡನ ಹೆಸರೇ ಮೇಲಿರುವ ಚೀಟಿಗಳನ್ನು ನಾನು ಈಗಲೂ ನೋಡುತ್ತಿದ್ದೇನೆ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳು ರದ್ದಾಗುತ್ತಿವೆ ಎಂಬ ಸುದ್ದಿ ಹಬ್ಬಿದಾಗ ನಮ್ಮ ಅರಿವು ಕೇಂದ್ರದ ಮುಂದೆ ಸಾಲೇ ನಿಂತಿತ್ತು. ಚೀಟಿ ಬಿಪಿಎಲ್‌ನಿಂದ ಎಪಿಎಲ್‌ಗೆ ಬದಲಾದರೆ ಅನ್ನಭಾಗ್ಯದ ಅಕ್ಕಿ ಹೋಗುತ್ತದೆ, ನಿಜ. ಗೃಹಲಕ್ಷ್ಮಿ ಹೋಗುವುದಿಲ್ಲ, ಏಕೆಂದರೆ ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಚೀಟಿಗಳಿಗೆ ಆ ಯೋಜನೆ ಅನ್ವಯಿಸುತ್ತದೆ. ಆ ಎರಡನ್ನೂ ಒಂದೇ ಎಂದುಕೊಂಡು ಬೇಡದ ಅರ್ಜಿ ಹಾಕಿದವರು ಆ ವಾರ ಎಷ್ಟೋ ಮಂದಿ.

ಎರಡು ಯಜಮಾನಿಯರಾದರೆ ಎರಡು ಪಾಲು ಹಣ ಬರುತ್ತದೆಂಬ ಲೆಕ್ಕದಲ್ಲಿ ಸೊಸೆಯ ಹೆಸರನ್ನು ಅತ್ತೆಯ ಚೀಟಿಯಿಂದ ತೆಗೆಸುವ ಸಾಹಸಕ್ಕೆ ದಯವಿಟ್ಟು ಕೈಹಾಕಬೇಡಿ. ಹೆಸರು ತೆಗೆಯುವುದು ಅರ್ಧ ಗಂಟೆಯ ಕೆಲಸ, ಹೊಸ ಚೀಟಿ ಸಿಗುವುದು ಯಾವ ಕಾಲಕ್ಕೋ. ಅಲ್ಲಿಯವರೆಗೆ ಸೊಸೆ, ಮಗ, ಮೊಮ್ಮಕ್ಕಳ ಪಾಲಿನ ಅಕ್ಕಿಯೂ ಇಲ್ಲ, ಹೊಸ ಕಂತೂ ಇಲ್ಲ. ಯಜಮಾನಿ ತೀರಿಕೊಂಡಿದ್ದರೆ ಮಾತ್ರ ತಡಮಾಡಬಾರದು. ಮರಣ ಪ್ರಮಾಣಪತ್ರ ಕೊಟ್ಟು ಅವರ ಹೆಸರು ತೆಗೆಸಿ, ಮುಂದಿನ ಹಿರಿಯ ಮಹಿಳೆಯನ್ನು ಮುಖ್ಯಸ್ಥೆಯಾಗಿ ಮಾಡಿಸಿ, ಆಮೇಲೆ ಆಕೆಯ ಹೆಸರಿನಲ್ಲಿ ಗೃಹಲಕ್ಷ್ಮಿಗೆ ಹೊಸದಾಗಿ ನೋಂದಾಯಿಸಬೇಕು. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುತ್ತಾ ಹೋದರೆ ಒಂದು ದಿನ ವಸೂಲಿಯ ಪತ್ರ ಮನೆಗೆ ಬರಬಹುದು.

ಹಂತ 3: ಆಧಾರಿನ ಹೆಸರು

ಪಡಿತರ ಚೀಟಿಯಲ್ಲಿ ‘ಲಕ್ಷ್ಮಮ್ಮ’, ಆಧಾರಿನಲ್ಲಿ ‘ಲಕ್ಷ್ಮೀದೇವಮ್ಮ’ ಇದ್ದರೆ ಪಡಿತರ ಚೀಟಿಯನ್ನು ಆಧಾರಿಗೆ ಹೊಂದಿಸಿ. ಆಧಾರನ್ನು ಚೀಟಿಗೆ ಹೊಂದಿಸಲು ಹೋಗಬೇಡಿ. ಆಧಾರಿನಲ್ಲಿ ಹೆಸರನ್ನು ಸಾಮಾನ್ಯವಾಗಿ ಎರಡು ಸಲ ಮಾತ್ರ ಬದಲಿಸಲು ಅವಕಾಶವಿದೆ, ಜನ್ಮ ದಿನಾಂಕವನ್ನು ಒಂದೇ ಸಲ. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಕೈತಪ್ಪಿದ್ದರೆ ಅದನ್ನು ಇದೇ ಹೊತ್ತಿನಲ್ಲಿ ಸರಿಪಡಿಸಿಕೊಳ್ಳಿ, ಮುಂದಿನ ಹಂತಕ್ಕೆ ಅದು ಬೇಕೇ ಬೇಕು. 2025ರ ಅಕ್ಟೋಬರ್‌ನಿಂದ ಇದರ ಶುಲ್ಕ ₹75. ಅದಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಕೇಳಿ.

ಹಂತ 4: ಹಣ ಯಾವ ಬ್ಯಾಂಕಿನ ದಾರಿ ಹಿಡಿದಿದೆ?

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ಇದನ್ನು ನಿಧಾನವಾಗಿ ಓದಿ.

“ಮ್ಯಾನೇಜರು ಲಿಂಕ್ ಆಗಿದೆ ಅಂತಾರೆ, ದುಡ್ಡು ಮಾತ್ರ ಬರ್ತಿಲ್ಲ ಸಾರ್” ಎನ್ನುವ ಮಾತನ್ನು ನಾನು ಪ್ರತಿ ಶನಿವಾರ ಕೇಳುತ್ತೇನೆ. ‘ಲಿಂಕ್’ ಎಂಬ ಒಂದು ಪದಕ್ಕೆ ಬ್ಯಾಂಕಿನಲ್ಲಿ ಎರಡು ಅರ್ಥಗಳಿವೆ, ಎಡವಟ್ಟೆಲ್ಲ ಅಲ್ಲಿಂದಲೇ ಶುರು. ಮೊದಲನೆಯದು, ಬ್ಯಾಂಕು ತನ್ನ ದಾಖಲೆಯಲ್ಲಿ ನಿಮ್ಮ ಖಾತೆಯ ಎದುರು ಆಧಾರ್ ಸಂಖ್ಯೆ ಬರೆದುಕೊಳ್ಳುವುದು. ಇದು ಗುರುತಿನ ಪುರಾವೆಗಷ್ಟೇ ಸಾಕು. ಎರಡನೆಯದು, ‘ಈ ಆಧಾರಿಗೆ ಬರುವ ಸರ್ಕಾರಿ ಹಣವನ್ನು ನಮಗೆ ಕಳುಹಿಸಿ’ ಎಂದು ಬ್ಯಾಂಕು, ಬ್ಯಾಂಕುಗಳ ನಡುವಿನ ಹಣ ಪಾವತಿಯ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಮೂದಿಸುವುದು. ಇದಕ್ಕೆ ಸೀಡಿಂಗ್ ಅಥವಾ ಮ್ಯಾಪಿಂಗ್ ಎನ್ನುತ್ತಾರೆ, ಆ ಪಟ್ಟಿಗೆ ಮ್ಯಾಪರ್ ಎಂದು ಹೆಸರು. ಖಜಾನೆಯಿಂದ ಗೃಹಲಕ್ಷ್ಮಿ ಹಣ ಹೊರಡುವುದು ಖಾತೆ ಸಂಖ್ಯೆಗಲ್ಲ, ಆಧಾರ್ ಸಂಖ್ಯೆಗೆ. ಅದು ಆ ಪಟ್ಟಿಯನ್ನು ನೋಡಿಕೊಂಡು ಅಲ್ಲಿ ಹೆಸರಿರುವ ಬ್ಯಾಂಕಿಗೆ ಹೋಗುತ್ತದೆ. ನಿಮಗೆ ನಾಲ್ಕು ಖಾತೆಗಳಿದ್ದು ನಾಲ್ಕಕ್ಕೂ ಆಧಾರ್ ಕೊಟ್ಟಿದ್ದರೂ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕು ಇರಲು ಸಾಧ್ಯ, ಕೊನೆಗೆ ನಮೂದಾದ ಬ್ಯಾಂಕೇ ಅಲ್ಲಿ ಉಳಿಯುತ್ತದೆ. ಹಾಗಾಗಿ ಅರ್ಜಿಯ ಜತೆ ಪಾಸ್‌ಬುಕ್ಕಿನ ಜೆರಾಕ್ಸ್ ಮತ್ತೆ ಮತ್ತೆ ಕೊಡುತ್ತಾ ಹೋದರೆ ಏನೂ ಬದಲಾಗುವುದಿಲ್ಲ.

ಇದನ್ನು ನೋಡಲು ಯಾವ ಕಚೇರಿಗೂ ಹೋಗಬೇಕಿಲ್ಲ. ‘ಮೈ ಆಧಾರ್’ ಜಾಲತಾಣದಲ್ಲಿ ಆಧಾರ್ ಸಂಖ್ಯೆ ಹಾಕಿ, ಮೊಬೈಲಿಗೆ ಬರುವ ಒಟಿಪಿ ಕೊಟ್ಟು ಒಳಹೊಕ್ಕರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ಬ್ಯಾಂಕಿನ ಹೆಸರು, ‘ಆ್ಯಕ್ಟಿವ್’ ಅಥವಾ ‘ಇನ್‌ಆ್ಯಕ್ಟಿವ್’ ಎಂಬ ಸ್ಥಿತಿ, ಕೊನೆಗೆ ಬದಲಾದ ದಿನಾಂಕ ಕಾಣುತ್ತವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಎರಡು ನಿಮಿಷದ ಕೆಲಸ. ಆ ಪುಟದ ಒಂದು ಪ್ರತಿ ತೆಗೆಸಿ ಇಟ್ಟುಕೊಳ್ಳಿ, ಅದು ಮುಂದೆ ಬೇಕಾಗುತ್ತದೆ.

ಅಲ್ಲಿ ನೀವು ನಿರೀಕ್ಷಿಸದ ಬ್ಯಾಂಕಿನ ಹೆಸರು ಕಂಡರೆ ಗಾಬರಿಯಾಗಬೇಡಿ, ಅದು ಒಳ್ಳೆಯ ಸುದ್ದಿಯೂ ಆಗಿರಬಹುದು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಹನ್ನೊಂದು ಕಂತು ಬಂದಿಲ್ಲವೆಂದು ನನ್ನ ಬಳಿ ಬಂದಿದ್ದರು. ಅವರ ಕೈಯಲ್ಲಿದ್ದದ್ದು ಬಸ್ ನಿಲ್ದಾಣದ ಪಕ್ಕದ ಬ್ಯಾಂಕಿನ ಪಾಸ್‌ಬುಕ್ಕು. ಪರದೆಯ ಮೇಲೆ ಮೂಡಿದ್ದು ಅವರು ಕೇಳಿಯೇ ಇರದ ಒಂದು ಪೇಮೆಂಟ್ಸ್ ಬ್ಯಾಂಕಿನ ಹೆಸರು. ಕಾಲು ಗಂಟೆ ಯೋಚಿಸಿದ ಮೇಲೆ ಅವರಿಗೆ ನೆನಪಾಯಿತು: ಸಂತೆಯಲ್ಲಿ ಬಣ್ಣದ ಕೊಡೆಯ ಕೆಳಗೆ ಸಿಮ್ ಮಾರುತ್ತಿದ್ದ ಹುಡುಗ, ‘ಇನ್ನೊಂದ್ಸಲ ಬೆರಳಿಡಿ ಅಮ್ಮಾ, ಸರಿಯಾಗಿ ಬಂದಿಲ್ಲ’ ಎಂದು ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಮೊದಲನೆಯದು ಸಿಮ್‌ಗೆ, ಎರಡನೆಯದು ಖಾತೆಗೆ. ಹನ್ನೊಂದು ಕಂತಿನ ₹22,000 ಪೂರ್ತಿಯಾಗಿ ಅಲ್ಲೇ ಕೂತಿತ್ತು. ಇಂಥದ್ದು ಹೊಸದೇನಲ್ಲ, 2017ರಲ್ಲಿ ಒಂದು ಮೊಬೈಲ್ ಕಂಪನಿಯ ಪೇಮೆಂಟ್ಸ್ ಬ್ಯಾಂಕು ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಖಾತೆ ತೆರೆದು ಅಡುಗೆ ಅನಿಲದ ಸಬ್ಸಿಡಿ ಅಲ್ಲಿಗೆ ಹರಿದುಹೋದಾಗ ಆಧಾರ್ ಪ್ರಾಧಿಕಾರ ಅದರ ಇ-ಕೆವೈಸಿ ಪರವಾನಗಿಯನ್ನು ತಡೆಹಿಡಿದಿತ್ತು, ಮರುವರ್ಷ ರಿಸರ್ವ್ ಬ್ಯಾಂಕ್ ₹5 ಕೋಟಿ ದಂಡವನ್ನೂ ವಿಧಿಸಿತು. ಸ್ವಸಹಾಯ ಸಂಘದ ಅಥವಾ ಮೈಕ್ರೊ ಫೈನಾನ್ಸ್ ಸಾಲಕ್ಕೆಂದು ಹೊಸ ಖಾತೆ ತೆರೆಸಿದಾಗಲೂ ದಾರಿ ಹೀಗೆಯೇ ಬದಲಾಗುತ್ತದೆ. ಸಹಿ ಹಾಕಿದ ಆ ಕಂತೆ ಕಾಗದದಲ್ಲಿ ಸೀಡಿಂಗ್ ಒಪ್ಪಿಗೆಯ ಹಾಳೆಯೂ ಒಂದಿರುತ್ತದೆ.

ಬೇರೆ ಬ್ಯಾಂಕಿಗೆ ಬದಲಿಸುವುದೇ ಆದರೆ ಮೊದಲು ಒಂದು ವಿಷಯ ಗಮನದಲ್ಲಿರಲಿ. ಈ ಪಟ್ಟಿ ಗೃಹಲಕ್ಷ್ಮಿಗೊಂದು, ಪಿಂಚಣಿಗೊಂದು ಎಂದು ಬೇರೆ ಬೇರೆ ಇಲ್ಲ. ನೀವು ಬ್ಯಾಂಕು ಬದಲಿಸಿದರೆ ವಿಧವಾ ವೇತನ, ಸಂಧ್ಯಾ ಸುರಕ್ಷಾ, ಪಿಎಂ ಕಿಸಾನ್, ಉದ್ಯೋಗ ಖಾತ್ರಿಯ ಕೂಲಿ ಹೀಗೆ ಆಧಾರ್ ಮೂಲಕ ಬರುವ ಪ್ರತಿಯೊಂದೂ ಹೊಸ ಬ್ಯಾಂಕಿಗೆ ಹೋಗುತ್ತದೆ. ಬೆಳೆಸಾಲವಿರುವ ಬ್ಯಾಂಕಿಗೆ ಬದಲಿಸಿ, ಬಂದ ಹಣವೆಲ್ಲ ಸಾಲಕ್ಕೆ ಜಮೆಯಾಗಿ ಕಣ್ಣೀರಿಟ್ಟವರನ್ನು ನೋಡಿದ್ದೇನೆ. ಸಾಲವಿರುವ ಬ್ಯಾಂಕು ಬೇಡವೇ ಬೇಡ.

ಯಾವ ಬ್ಯಾಂಕು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕು. ಹಳ್ಳಿಯ ವಯಸ್ಸಾದವರಿಗಂತೂ ಬೇರೆ ಹುಡುಕಬೇಡಿ. ಅಂಚೆಯವರು ನಿಮ್ಮನ್ನು ಹೆಸರು ಹಿಡಿದು ಬಲ್ಲವರು, ಬೆರಳಚ್ಚಿನ ಯಂತ್ರವನ್ನು ಮನೆ ಬಾಗಿಲಿಗೇ ತರುತ್ತಾರೆ, ಆಧಾರಿನ ಮೊಬೈಲ್ ಸಂಖ್ಯೆಯನ್ನೂ ಅವರೇ ಬದಲಿಸಿಕೊಡುತ್ತಾರೆ. ನಡೆದು ಹೋಗುವಷ್ಟು ಹತ್ತಿರದಲ್ಲಿ ಮಾತನಾಡಿಸುವ ಗುಮಾಸ್ತರಿರುವ ಶಾಖೆ ಇದ್ದರೆ ಅದೂ ಆಗಬಹುದು. ಆ್ಯಪಿನೊಳಗೆ ಮಾತ್ರ ಬದುಕಿರುವ, ಒಂದು ಕಟ್ಟಡವೂ ಇಲ್ಲದ ಬ್ಯಾಂಕು ಈ ಹಣಕ್ಕೆ ಯೋಗ್ಯವಲ್ಲ.

ಆಯ್ದ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಒಪ್ಪಿಗೆಯ ಅರ್ಜಿ ಕೇಳಿ. ಅದರಲ್ಲಿ ಸಾಮಾನ್ಯವಾಗಿ ಎರಡು ಚೌಕಗಳಿರುತ್ತವೆ: ಹೊಸದಾಗಿ ಸೀಡಿಂಗ್, ಇನ್ನೊಂದು ಬ್ಯಾಂಕಿನಿಂದ ಈ ಬ್ಯಾಂಕಿಗೆ ವರ್ಗಾವಣೆ. ಬಹಳ ಜನ ಅಭ್ಯಾಸಬಲದಿಂದ ಮೊದಲನೆಯದಕ್ಕೆ ಗುರುತು ಹಾಕುತ್ತಾರೆ, ಕೋರಿಕೆ ಸದ್ದಿಲ್ಲದೆ ತಿರಸ್ಕೃತವಾಗುತ್ತದೆ, ಅದನ್ನು ಅವರಿಗೆ ಯಾರೂ ತಿಳಿಸುವುದಿಲ್ಲ. ಸ್ಟೇಟಸ್ ಪುಟದಲ್ಲಿ ಬೇರೆ ಬ್ಯಾಂಕಿನ ಹೆಸರಿದ್ದರೆ ಎರಡನೆಯ ಚೌಕಕ್ಕೇ ಗುರುತು ಹಾಕಿ, ಹಳೆಯ ಬ್ಯಾಂಕಿನ ಹೆಸರನ್ನು ಆ ಪುಟದಲ್ಲಿ ಕಂಡಂತೆಯೇ ಬರೆಯಿರಿ. ಕೆಲವು ಬ್ಯಾಂಕುಗಳ ಮಟ್ಟಿಗೆ ಇದನ್ನು ಎನ್‌ಪಿಸಿಐ ಜಾಲತಾಣದಲ್ಲೇ ಮಾಡಬಹುದು. ಆದರೂ ನನಗೆ ಕಾಗದದ ಮೇಲೆಯೇ ನಂಬಿಕೆ, ಏಕೆಂದರೆ ಅದರ ಪ್ರತಿಯ ಮೇಲೆ ಮೊಹರು ಒತ್ತಿಸಿಕೊಳ್ಳಬಹುದು. ಗುಮಾಸ್ತರನ್ನು ‘ಲಿಂಕ್ ಆಯ್ತಾ?’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಯಾವಾಗಲೂ ‘ಆಗಿದೆ’ ಎಂದೇ. ‘ಎನ್‌ಪಿಸಿಐ ಮ್ಯಾಪರ್‌ನಲ್ಲಿ ನಿಮ್ಮ ಬ್ಯಾಂಕಿನ ಹೆಸರು ಬಂದಿದೆಯೇ, ನೋಡಿ ಹೇಳಿ’ ಎಂದು ಕೇಳಿ. ಒಂದು ವಾರದ ನಂತರ ಸ್ಟೇಟಸ್ ಪುಟವನ್ನು ನೀವೇ ಮತ್ತೊಮ್ಮೆ ತೆರೆಯಿರಿ. ಅಲ್ಲಿ ಹೆಸರು ಬದಲಾಗುವ ತನಕ ಕೆಲಸ ಮುಗಿದಿಲ್ಲ.

ಬ್ಯಾಂಕಿನ ಹೆಸರು ಸರಿಯಿದ್ದು ‘ಇನ್‌ಆ್ಯಕ್ಟಿವ್’ ಎಂದಿದ್ದರೆ, ಅಥವಾ ‘ಆ್ಯಕ್ಟಿವ್’ ಎಂದಿದ್ದೂ ಖಾತೆಗೆ ಹಣ ಬೀಳದಿದ್ದರೆ, ಬಹುಪಾಲು ಕೆವೈಸಿ ಹಳತಾಗಿರುತ್ತದೆ. ಜನಧನ ಖಾತೆಗಳು ಶುರುವಾದದ್ದು 2014ರ ಆಗಸ್ಟ್ 28ರಂದು. ಹತ್ತು ವರ್ಷಕ್ಕೊಮ್ಮೆ ಆಗಬೇಕಾದ ಮರು-ಕೆವೈಸಿಯ ಸರದಿ ಆ ಮೊದಲ ಖಾತೆಗಳಿಗೆ ಈಗಾಗಲೇ ಬಂದುಹೋಗಿದೆ. ಆಧಾರ್, ಪಡಿತರ ಚೀಟಿ, ಒಂದು ಫೋಟೊ ಕೊಟ್ಟು ಮರು-ಕೆವೈಸಿ ಮಾಡಿಸಿ, ₹100 ಜಮೆ ಮಾಡಿ ತೆಗೆಯಿರಿ. ಪೂರ್ತಿ ದಾಖಲೆ ಕೊಡದೆ ತೆರೆದ ‘ಸಣ್ಣ ಖಾತೆ’ಯಾದರೆ ಅದರಲ್ಲಿ ₹50,000ಕ್ಕಿಂತ ಹೆಚ್ಚು ಉಳಿಸುವಂತಿಲ್ಲ, ವರ್ಷಕ್ಕೆ ಒಟ್ಟು ₹1 ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ ಎಂಬ ಮಿತಿಗಳಿವೆ; ಸಂಘದ ಸಾಲ ಅದೇ ಖಾತೆಗೆ ಬಂದರೆ ಈ ಮಿತಿ ಬೇಗ ಮುಟ್ಟಬಹುದು. ಪಾಸ್‌ಬುಕ್ಕಿನ ಮೇಲೆ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕಿನ ಹೆಸರೇ ಇದೆಯಲ್ಲ ಎಂದು ಹೆದರುವವರಿದ್ದಾರೆ. ಅವು ಕ್ರಮವಾಗಿ ಕೆನರಾ, ಯೂನಿಯನ್, ಬರೋಡಾ ಬ್ಯಾಂಕುಗಳಲ್ಲಿ ವಿಲೀನವಾಗಿ ವರ್ಷಗಳೇ ಆದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ 2025ರ ಮೇ 1ರಿಂದ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಬದಲಾಗಿದ್ದರೂ ಆಧಾರ್ ಮೂಲಕ ಬರುವ ಹಣಕ್ಕೆ ಅದು ಅಡ್ಡಿಯಲ್ಲ. ‘ಹೊಸ ಖಾತೆ ತೆಗೀರಿ, ಎಲ್ಲ ಸರಿಹೋಗುತ್ತೆ’ ಎನ್ನುವ ಏಜೆಂಟರ ಮಾತು ಮಾತ್ರ ಕೇಳಬೇಡಿ, ಅವರಿಗೆ ಖಾತೆಗಿಷ್ಟು ಎಂದು ಕಮಿಷನ್ ಇರುತ್ತದೆ.

ಹೆಬ್ಬೆಟ್ಟು ಒತ್ತಿ ಹಣ ಪಡೆಯುವಾಗ ‘ಸರ್ವರ್ ಡೌನ್, ಇನ್ನೊಂದ್ಸಲ ಇಡಿ’ ಎಂದರೆ ಮೊದಲ ಸಲದ ರಸೀದಿ ತೋರಿಸುವವರೆಗೆ ಬೆರಳಿಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ‘ಕಂತು ಬಿಡುಗಡೆ, ಲಿಂಕ್ ಒತ್ತಿ’ ಎಂದು ಬರುವುದನ್ನು ಒತ್ತಬೇಡಿ. ಪೇಟೆಯ ಅಂಗಡಿಗಳಲ್ಲಿ ಮಾರುವ ಬಣ್ಣಬಣ್ಣದ ಪ್ಲಾಸ್ಟಿಕ್ ಪಡಿತರ ಕಾರ್ಡು ನೋಡಲು ಚಂದ, ಕೆಲಸಕ್ಕೆ ಹಳೆಯ ಕಾಗದದ ಚೀಟಿಗಿಂತ ಒಂದು ಗುಂಜಿಯೂ ಹೆಚ್ಚಿಲ್ಲ.

ಹಂತ 5: ತೆರಿಗೆದಾರರ ಪಟ್ಟಿ

ಮೂರೂ ಪುಸ್ತಕಗಳು ಸರಿಯಿದ್ದು ಹಣ ಬಾರದಿದ್ದರೆ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಪಾವತಿದಾರರೆಂದು ಗುರುತಾಗಿರುವ ಸಾಧ್ಯತೆ ಇದೆ, ಏಕೆಂದರೆ ಅಂಥವರಿಗೆ ಯೋಜನೆ ಅನ್ವಯಿಸುವುದಿಲ್ಲ. ಬೈಕಿನ ಸಾಲ ಸಲೀಸಾಗಿ ಸಿಗಲಿ ಎಂದು ಏಜೆಂಟರ ಕೈಯಲ್ಲಿ ‘ಐಟಿ ಮಾಡಿಸಿದ’ ಎಷ್ಟೋ ಗಂಡಂದಿರಿಗೆ ತಾವು ತೆರಿಗೆ ವಿವರ ಸಲ್ಲಿಸಿದ್ದೇವೆಂಬುದೇ ತಿಳಿದಿಲ್ಲ. ಒಂದು ರೂಪಾಯಿ ತೆರಿಗೆ ಕಟ್ಟದಿದ್ದರೂ ಹೆಸರು ಪಟ್ಟಿಗೆ ಸೇರಿರಬಹುದು. ತೆರಿಗೆ ಪಾವತಿದಾರರಲ್ಲ ಎಂದು ಸಂಬಂಧಪಟ್ಟ ತೆರಿಗೆ ಇಲಾಖೆಯಿಂದ ದೃಢೀಕರಣ ಪಡೆದು ಮುಂದಿನ ಹಂತದ ಅರ್ಜಿಗೆ ಲಗತ್ತಿಸಬೇಕು.

ಹಂತ 6: ಸಿಡಿಪಿಒ ಕಚೇರಿಯಲ್ಲಿ ಲಿಖಿತ ಅರ್ಜಿ

ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯೇ ಇದಕ್ಕೆ ಸರಿಯಾದ ಜಾಗ. ತಹಶೀಲ್ದಾರ್ ಕಚೇರಿಯಲ್ಲ, ಬ್ಯಾಂಕೂ ಅಲ್ಲ. ಅರ್ಜಿ ನಾಲ್ಕು ಸಾಲು ಮೀರದಿರಲಿ: ಪಡಿತರ ಚೀಟಿ ಸಂಖ್ಯೆ, ಯಾವ ತಿಂಗಳ ತನಕ ಹಣ ಬಂದಿದೆ, ಯಾವ ತಿಂಗಳಿಂದ ನಿಂತಿದೆ, ಆಧಾರ್ ಯಾವ ಬ್ಯಾಂಕಿಗೆ ಸೀಡಿಂಗ್ ಆಗಿದೆ. ಮನೆಯ ಕಷ್ಟವನ್ನೆಲ್ಲ ಬರೆದು ಮೂರು ಪುಟ ಮಾಡಿದರೆ ಬೇಕಾದ ಸಂಖ್ಯೆ ಅದರೊಳಗೆ ಮುಳುಗಿಹೋಗುತ್ತದೆ. ಹಂತ 4ರಲ್ಲಿ ತೆಗೆಸಿಟ್ಟ ಸ್ಟೇಟಸ್ ಪುಟವನ್ನು ಲಗತ್ತಿಸಿದರೆ ‘ಬ್ಯಾಂಕಿನಲ್ಲಿ ಕೇಳಿ’ ಎಂದು ವಾಪಸ್ ಕಳುಹಿಸಲು ಅವರಿಗೆ ಕಾರಣ ಉಳಿಯುವುದಿಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳದೆ ಹೊರಬರಬೇಡಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ ಆ ಪ್ರತಿ ಕೈಯಲ್ಲಿಟ್ಟುಕೊಂಡು ಸರ್ಕಾರದ ಸಹಾಯವಾಣಿ 1902ಕ್ಕೆ ಕರೆ ಮಾಡಿ, ತಾಲ್ಲೂಕಿನ ಗ್ಯಾರಂಟಿ ಅನುಷ್ಠಾನ ಸಮಿತಿಗೂ ಒಂದು ಪ್ರತಿ ಕೊಡಿ. ತಪ್ಪು ಬ್ಯಾಂಕಿನದೇ ಆಗಿದ್ದರೆ ಬ್ಯಾಂಕಿಗೆ ಬರೆದುಕೊಟ್ಟು 30 ದಿನ ಕಾದು, ಆನಂತರ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ಅದಕ್ಕೆ ಶುಲ್ಕವಿಲ್ಲ, ವಿವರಕ್ಕೆ 14448 ಸಂಖ್ಯೆ ಇದೆ.

ಹಣ ಬಂತೆಂದು ತಿಳಿದ ಮೇಲೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಪ್ರತಿ ಜಮೆಯ ಎದುರು ಯಾವ ತಿಂಗಳದೆಂದು ಪೆನ್ಸಿಲಿನಲ್ಲಿ ಬರೆದಿಡಿ. ಎರಡು ತಿಂಗಳದು ಒಂದೇ ವಾರ ಬೀಳುವುದೂ ಉಂಟು, ಪಿಂಚಣಿಯನ್ನು ಗೃಹಲಕ್ಷ್ಮಿಯೆಂದು ಎಣಿಸಿ ತಪ್ಪು ದೂರು ಕೊಟ್ಟವರೂ ಉಂಟು. ಅಡಿಕೆ ಸುಲಿಯುವ ಆ ತಾಯಿ ಈಗ ಅಂಚೆ ಖಾತೆಗೆ ಬದಲಿಸಿಕೊಂಡಿದ್ದಾರೆ. ಪಾಸ್‌ಬುಕ್ಕಿನ ಬದಲು ಮಗಳ ಹಳೆಯ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಿಂಗಳ ಹೆಸರು, ಅದರ ಮುಂದೆ ಬಂದಿದ್ದರೆ ಒಂದು ಗೀಟು, ಬಂದಿಲ್ಲದಿದ್ದರೆ ಒಂದು ಸೊನ್ನೆ ಹಾಕಿಟ್ಟಿದ್ದಾರೆ. ಕಳೆದ ಸಲ ಸಿಡಿಪಿಒ ಕಚೇರಿಯ ಗುಮಾಸ್ತರು ಯಾವ ಯಾವ ತಿಂಗಳು ಬಾಕಿ ಎಂದು ಕೇಳಿದಾಗ ಅವರು ಆ ಪುಟವನ್ನೇ ಮುಂದಿಟ್ಟರಂತೆ, ಗುಮಾಸ್ತರು ಅದನ್ನೇ ಜೆರಾಕ್ಸ್ ಮಾಡಿಸಿ ಅರ್ಜಿಗೆ ಪಿನ್ ಹೊಡೆದರಂತೆ.